ಮಾಳಿಗೆ ಮನೆ ಕೆಡವಬೇಕಾ? ತಲಬಾಗಿಲ ಮೇಲಿನ ‘೧೨೯೫’ ಏನು ಹೇಳುತ್ತದೆ?

ಪ್ರಶ್ನೆ: ನಮ್ಮದು ಕಾರಟಗಿ ತಾಲೂಕಿನ ಒಂದು ಹಳ್ಳಿ. ಕಾಲುವೆ ಕೆಳಗಿನ ಊರು, ಸುತ್ತ ಭತ್ತದ ಗದ್ದೆ. ಊರೊಳಗೆ ಹಿರಿಯರ ಮಾಳಿಗೆ ಮನೆ ಇದೆ, ಅಂದರೆ ಮಣ್ಣು ಹೊದಿಸಿದ ಸಪಾಟು ಚಾವಣಿಯ ಮನೆ. ದೊಡ್ಡದೇನಲ್ಲ, ಐದು ಅಂಕಣ (ಕಂಬದಿಂದ ಕಂಬಕ್ಕೆ ಒಂದು ಅಂಕಣ). ತಲಬಾಗಿಲ ಮೇಲ್ಪಟ್ಟಿಯಲ್ಲಿ ‘೧೨೯೫ ಪಾರ್ಥಿವ’ ಅಂತ ಕೆತ್ತಿದ್ದಾರೆ, ಮುಂದಿನ ಅಕ್ಷರ ಅಳಿಸಿವೆ. ಮನೆ ಏಳುನೂರು ವರ್ಷದ್ದು, ಕಟ್ಟಿಸಿದವರ ಹೆಸರು ಪಾರ್ಥಿವಪ್ಪ ಅಂತ ಅಜ್ಜ ಹೇಳುತ್ತಿದ್ದರು. ಈಗ ಬೀದಿ ಕಡೆಯ ಗೋಡೆ ಹೊಟ್ಟೆ ಬಿಟ್ಟಿದೆ. ಒಳಗೆ ಮೂರು ನಾಲ್ಕು ಅಡಿ ಎತ್ತರದವರೆಗೆ ತೇವ, ಬಿಳಿ ಉಪ್ಪು. ಪಡಸಾಲೆಯ ಒಂದು ಕಂಬ ಕುಸಿದಿದೆ. ಅದರ ಪಕ್ಕ ನೆಲ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅಲ್ಲಿ ನಿಧಿ ಇದೆ, ಅಗೆಯೋಣ ಅಂತ ಕಾಕಾ ಹಟ ಹಿಡಿದಿದ್ದಾರೆ. ಮೂರು ವರ್ಷದ ಹಿಂದೆ ಒಳಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು, ಆಮೇಲೆ ತೇವ ಇನ್ನೂ ಜಾಸ್ತಿ ಆಯಿತು. ಮಾಳಿಗೆ ಎರಡು ಕಡೆ ಸೋರುತ್ತದೆ. ‘ಮಣ್ಣಿನ ಮನೆಯ ಆಯುಷ್ಯ ಮುಗಿದಿದೆ, ಕೆಡವಿ ಆರ್‌ಸಿಸಿ ಹಾಕಿ’ ಅಂತ ಗುತ್ತಿಗೆದಾರರು ಹೇಳುತ್ತಾರೆ. ಅವ್ವ ಮಾತ್ರ ಕೆಡವಬೇಡಿ ಅಂತಾಳೆ. ನಾನು, ತಮ್ಮ ಇಬ್ಬರೂ ಬೆಂಗಳೂರಿನಲ್ಲಿದ್ದೇವೆ. ಏನು ಮಾಡಬೇಕು?

ಉತ್ತರ: ನೀವು ಕಳಿಸಿದ ಫೋಟೋಗಳನ್ನು ಎರಡು ಮೂರು ಸಲ ನೋಡಿದೆ. ಮನೆ ಬೀಳುತ್ತದಾ ಅನ್ನುವುದು ನಿಮ್ಮ ಭಯ. ಕೆಡವಿದರೆ ಏನೋ ಬೆಲೆಬಾಳುವುದನ್ನು ಕಳೆದುಕೊಳ್ಳುತ್ತೇವಾ ಅನ್ನುವುದು ಅದರ ಹಿಂದಿನ ಭಯ. ಎರಡಕ್ಕೂ ಉತ್ತರ ಕೊಡಬೇಕಾದರೆ ಮನೆಯ ವಯಸ್ಸಿನಿಂದಲೇ ಶುರು ಮಾಡಬೇಕು. ಯಾಕೆಂದರೆ ಏಳುನೂರು ವರ್ಷ ಅನ್ನುವ ಮಾತು ನಿಮ್ಮ ಲೆಕ್ಕವನ್ನೆಲ್ಲ ತಪ್ಪಿಸುತ್ತಿದೆ.

ಅಜ್ಜನ ಮಾತು ಸುಳ್ಳಲ್ಲ. ಅವರು ಅಂಕಿಯನ್ನು ಸರಿಯಾಗೇ ಓದಿದ್ದಾರೆ, ಆದರೆ ಇಸವಿ ಯಾವುದು ಅನ್ನುವುದು ತಪ್ಪಿದೆ. ಕ್ರಿ.ಶ. 1295 ಅಂದರೆ ವಿಜಯನಗರ ಇನ್ನೂ ಹುಟ್ಟಿರಲಿಲ್ಲ, ಅದು ಶುರುವಾದದ್ದೇ 1336ರಲ್ಲಿ. ನಿಮ್ಮೂರಿಂದ ಹಂಪಿ ದೂರವೇನಿಲ್ಲ, ಹೋಗಿ ನೋಡಿರುತ್ತೀರಿ. ಅಲ್ಲಿ ರಾಜರ ಅರಮನೆಗಳೇ ಕಲ್ಲಿನ ಜಗತಿ ಮಾತ್ರ ಉಳಿಸಿಕೊಂಡಿವೆ. ಮೇಲಿದ್ದ ಮರ, ಮಣ್ಣು ಎಲ್ಲ ಹೋಗಿದೆ. ಹಾಗಿರುವಾಗ ಐದು ಅಂಕಣದ ಒಕ್ಕಲುಮನೆಯ ಜಂತಿ, ಅಂದರೆ ಚಾವಣಿ ಹೊರುವ ಮರ, ಏಳುನೂರು ವರ್ಷ ತಾಳುವುದು ಹೇಗೆ?

ನಿಮ್ಮದು ಆಗ ನಿಜಾಮರ ಸೀಮೆ. ಕಂದಾಯದ ಲೆಕ್ಕ ನಡೆಯುತ್ತಿದ್ದದ್ದು ಫಸಲಿ ವರ್ಷದಲ್ಲಿ. ಫಸಲಿ ಅಂಕಿಗೆ 590 ಸೇರಿಸಿದರೆ ಇಂಗ್ಲಿಷ್ ಇಸವಿ ಸಿಗುತ್ತದೆ. 1295ಕ್ಕೆ 590 ಸೇರಿಸಿ: 1885. ಗೌಡರು, ಕುಲಕರ್ಣಿಗಳು, ಅವರ ಬಳಕೆಯಲ್ಲಿದ್ದ ಒಕ್ಕಲು ಮನೆತನದವರು ಇದನ್ನೇ ದಿನನಿತ್ಯ ಬರೆಯುತ್ತಿದ್ದರು. ಬಾಗಿಲ ಮೇಲೂ ಅದನ್ನೇ ಕೆತ್ತಿಸಿದ್ದಾರೆ.

ಇದು ಶಕವರ್ಷ ಯಾಕಾಗಬಾರದು, ಹಿಜರಿ ಯಾಕಾಗಬಾರದು ಅಂತ ನೀವು ಕೇಳಬಹುದು. ಅದಕ್ಕೆ ಉತ್ತರ ಪಕ್ಕದಲ್ಲೇ ಇದೆ. ‘ಪಾರ್ಥಿವ’ ನಿಮ್ಮ ಹಿರಿಯರ ಹೆಸರಲ್ಲ, ಸಂವತ್ಸರದ ಹೆಸರು. ಅರವತ್ತು ಸಂವತ್ಸರಗಳಲ್ಲಿ ಹತ್ತೊಂಬತ್ತನೆಯದು. ಶಕ 1295 ಅಂದರೆ 1373, ಅದು ಪ್ರಮಾದಿ ಸಂವತ್ಸರ. ಹಿಜರಿ 1295 ಅಂದರೆ 1878, ಅದು ಬಹುಧಾನ್ಯ. ಪಾರ್ಥಿವ ಬರುವುದು 1885ರ ಯುಗಾದಿಯಿಂದ 1886ರ ಯುಗಾದಿವರೆಗೆ. ಫಸಲಿ 1295 ಕೂಡ ಅದೇ 1885-86. ಅಂಕಿಯೂ ಹೆಸರೂ ಒಂದೇ ವರ್ಷದ ಮೇಲೆ ಬಂದು ಕೂರುವುದು ಫಸಲಿಯಲ್ಲಿ ಮಾತ್ರ. ನಿಮ್ಮ ಮನೆಗೆ ಸುಮಾರು ನೂರಾ ನಲವತ್ತು ವರ್ಷ. ಪಾರ್ಥಿವಪ್ಪ ಅನ್ನುವವರು ನಿಮ್ಮ ವಂಶದಲ್ಲಿ ಇದ್ದಿರಲಿಕ್ಕಿಲ್ಲ. ಅಜ್ಜನವರ ಆತ್ಮ ನನ್ನನ್ನು ಕ್ಷಮಿಸಲಿ.

ಬೇಜಾರು ಮಾಡಿಕೊಳ್ಳಬೇಡಿ. ನನಗೆ ಈ ವರ್ಷವೇ ಜಾಸ್ತಿ ಕುತೂಹಲ ಹುಟ್ಟಿಸುತ್ತದೆ. 1876ರಿಂದ 78ರವರೆಗೆ ಈ ಸೀಮೆಯಲ್ಲೆಲ್ಲ ದೊಡ್ಡ ಬರ ಬಿತ್ತು. ಧಾತು ಸಂವತ್ಸರದಲ್ಲಿ ಶುರುವಾದದ್ದರಿಂದ ಹಳಬರು ಅದನ್ನು ಧಾತು ವರ್ಷದ ಬರ ಅನ್ನುತ್ತಿದ್ದರು. ಬಳ್ಳಾರಿ ಕಡೆ ಜನ ಹುಳುಗಳ ಹಾಗೆ ಸತ್ತರು. ಧಾತುವಿನಿಂದ ಪಾರ್ಥಿವಕ್ಕೆ ಒಂಬತ್ತು ವರ್ಷ. ಬರ ನೋಡಿ ಉಳಿದವರು ಮತ್ತೆ ಕಾಳು ಕೂಡಿಟ್ಟು, ಮತ್ತೆ ಮನೆ ಕಟ್ಟಿದ ಕಾಲ ಅದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಟೊಳ್ಳು ನೆಲದ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಮನೆ. ಫೋಟೋದಲ್ಲಿ ಕಾಣುವುದು ನಮ್ಮ ಕಡೆಯ ಪಕ್ಕಾ ಮಾಳಿಗೆ ಮನೆ. ಬೀದಿಗೆ ಕಟ್ಟೆ, ತಲಬಾಗಿಲು, ಒಳಗೆ ಕಾಲಿಟ್ಟ ಕೂಡಲೇ ದನ ಕಟ್ಟುವ ತಗ್ಗು ಜಾಗ, ಅಲ್ಲಿಂದ ಎರಡಡಿ ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ದೇವರ ಮನೆ ಮತ್ತು ಅಡುಗೆ ಮನೆ. ಗೋಡೆ ಎರಡೂವರೆ ಅಡಿ ದಪ್ಪ. ಹೊರಗೊಂದು ಕಲ್ಲಿನ ಮೈ, ಒಳಗೊಂದು ಕಲ್ಲಿನ ಮೈ, ನಡುವೆ ಚೂರುಕಲ್ಲು ಮತ್ತು ಮಣ್ಣು ತುಂಬಿದ್ದಾರೆ. ಗಾರೆ ಅಲ್ಲ, ಕೆಸರೇ ಅಂಟು. ಬೆಲ್ಲ, ಮೊಟ್ಟೆ ಹಾಕಿ ಅರೆದ ಗಾರೆಯಲ್ಲಿ ಕಟ್ಟಿದ್ದು ಅಂತ ಪ್ರತಿ ಹಳೇ ಮನೆಯವರೂ ನನಗೆ ಹೇಳುತ್ತಾರೆ. ಕೋಟೆ, ಗುಡಿಗಳಿಗೆ ಬೆಲ್ಲ, ಅಳಲೆಕಾಯಿ ಹಾಕುತ್ತಿದ್ದದ್ದು ಹೌದು. ಇಂಥ ಮನೆಗಳಿಗೆ ಯಾರೂ ಹಾಕಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮುಖ್ಯವಾದ ಸಂಗತಿ ಬೇರೆ ಇದೆ. ಗೋಡೆಗೆ ಆನಿಕೊಂಡ ಹಾಗೆ ನಿಂತಿರುವ ಕಂಬಗಳನ್ನು ಗಮನಿಸಿದ್ದೀರಾ? ಕಂಬದ ತಲೆಗೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತಿ. ಮಾಳಿಗೆಯ ಹೊರೆ ಬಹುಪಾಲು ಆ ಕಂಬಗಳಿಂದಲೇ ಇಳಿಯುತ್ತದೆ. ಗೋಡೆ ಹೆಚ್ಚಾಗಿ ತನ್ನ ಭಾರವನ್ನು ತಾನೇ ಹೊತ್ತುಕೊಂಡಿದೆ. ಅದಕ್ಕೇ ಹೊಟ್ಟೆ ಬಿಟ್ಟ ಗೋಡೆ ನೋಡಿದ ಕೂಡಲೇ ಮನೆಯೇ ಹೋಯಿತು ಅಂತ ತೀರ್ಮಾನಿಸುವುದು ತಪ್ಪು. ಕುಸಿದ ಕಂಬವನ್ನು ಹಗುರ ಮಾಡಿ ನೋಡುವುದು ಅದಕ್ಕಿಂತ ದೊಡ್ಡ ತಪ್ಪು. ನಿಮ್ಮ ಪತ್ರದಲ್ಲಿ ಗೋಡೆಗೆ ನಾಲ್ಕು ಸಾಲು, ಕಂಬಕ್ಕೆ ಒಂದು ಸಾಲು ಇದೆ. ನಾನು ಅಲ್ಲಿಗೆ ಬಂದರೆ ಮೊದಲು ಹೋಗಿ ನಿಲ್ಲುವುದು ಕಂಬದ ಹತ್ತಿರ.

ಹಾಗಾದರೆ ನೂರು ವರ್ಷ ಗಟ್ಟಿಯಾಗಿದ್ದ ಮನೆಗೆ ಈಗ ಏನಾಯಿತು? ನನ್ನ ಲೆಕ್ಕದಲ್ಲಿ ಕಾರಣ ಒಂದೇ. ಈ ಮನೆ ಒಣಭೂಮಿಗೆ ಕಟ್ಟಿದ ಮನೆ. ಆಮೇಲೆ ಭೂಮಿಗೆ ನೀರು ಬಂತು.

1885ರಲ್ಲಿ ನಿಮ್ಮೂರ ಸುತ್ತ ಜೋಳ, ಸಜ್ಜೆ, ಹತ್ತಿ. ವರ್ಷದ ಮಳೆ ಇಪ್ಪತ್ತೈದು ಇಂಚು ಮುಟ್ಟಿದರೆ ಹೆಚ್ಚು. ಬಾವಿ ನೀರು ಆಳದಲ್ಲಿ. ಅಂಥ ನೆಲದಲ್ಲಿ ಕೆಸರಿನ ಗೋಡೆ ಕಲ್ಲಿನ ಹಾಗೆ ಗಟ್ಟಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಎಡದಂಡೆ ಕಾಲುವೆಗೆ ಬಂತು. ಗಂಗಾವತಿ, ಕಾರಟಗಿ, ಸಿಂಧನೂರು ಭತ್ತದ ನಾಡಾದವು. ಊರು ಉದ್ಧಾರವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಕೆಳಗಿಳಿದು ಅಂತರ್ಜಲ ಮೇಲೆ ಬಂತು. ಅದರ ಜೊತೆಗೆ ಮಣ್ಣಿನಲ್ಲಿದ್ದ ಉಪ್ಪೂ ಮೇಲೆ ಬಂತು. ನಿಮ್ಮ ಕಡೆ ಎಷ್ಟು ಎಕರೆ ಹೊಲ ಸವಳಾಗಿದೆ ಅಂತ ನಿಮಗೇ ಗೊತ್ತು. ಹೊಲವನ್ನು ಸವಳು ಮಾಡಿದ ನೀರೇ ನಿಮ್ಮ ಗೋಡೆಯನ್ನೂ ಸವಳು ಮಾಡುತ್ತಿದೆ. ಗೋಡೆಯ ಬುಡದಿಂದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಏರುತ್ತದೆ, ಮೇಲೆ ಬಂದು ಆರುತ್ತದೆ, ಉಪ್ಪನ್ನು ಅಲ್ಲೇ ಬಿಡುತ್ತದೆ. ಉಪ್ಪು ಹರಳುಗಟ್ಟುವಾಗ ಹಿಗ್ಗಿ ಮಣ್ಣನ್ನು ಹಿಟ್ಟು ಮಾಡುತ್ತದೆ. ನೀವು ಕಂಡ ಬಿಳಿ ಪುಡಿ ಅದೇ.

ಇದರ ಮೇಲೆ ರಸ್ತೆಯ ಕಾಟ. ಫೋಟೋದಲ್ಲಿ ನಿಮ್ಮ ಬೀದಿ ಕಟ್ಟೆ ಸಿಸಿ ರಸ್ತೆಗಿಂತ ಒಂದು ಗೇಣು ಮಾತ್ರ ಮೇಲಿದೆ. ಅವ್ವನನ್ನು ಕೇಳಿ ನೋಡಿ, ಮದುವೆಯಾಗಿ ಬಂದಾಗ ಕಟ್ಟೆ ಹತ್ತಲು ಎಷ್ಟು ಮೆಟ್ಟಿಲಿದ್ದವು ಅಂತ. ಹಳೇ ರಸ್ತೆ ಅಗೆಯದೆ ಅದರ ಮೇಲೇ ಇನ್ನೊಂದು ಪದರ, ಮತ್ತೊಂದು ಪದರ ಹಾಕಿದ್ದಾರೆ. ಈಗ ಮಳೆ ನೀರಿಗೆ ನಿಮ್ಮ ಗೋಡೆಯ ಬುಡವೇ ತಗ್ಗು. ಬೀದಿ ಕಡೆಯ ಗೋಡೆಯೇ ಹೊಟ್ಟೆ ಬಿಟ್ಟಿದ್ದು ಸುಮ್ನೆ ಅಲ್ಲ.

ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದಕ್ಕೆ ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನೇ ಇಂಥ ಒಂದು ಮನೆಗೆ ಹೊರಗೂ ಒಳಗೂ ಸಿಮೆಂಟು ಹೊಡೆಸಿದ್ದೆ. ಮನೆಯವರು ಖುಷಿಯಾದರು, ಊಟ ಹಾಕಿ ಕಳಿಸಿದರು. ಎರಡನೇ ಮಳೆಗಾಲ ಮುಗಿದ ಮೇಲೆ ಕರೆದರು. ಹೋಗಿ ಬೆರಳಿನಿಂದ ತಟ್ಟಿದೆ, ಪ್ಲಾಸ್ಟರು ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದಿನಿಂದ ಒದ್ದೆ ಮಣ್ಣು ಸಗಣಿಯ ಹಾಗೆ ನನ್ನ ಚಪ್ಪಲಿ ಮೇಲೆ ಬಿತ್ತು. ಗೋಡೆಗೆ ಬೆವರು ಹೋಗಲು ದಾರಿ ಬೇಕು. ಸುಣ್ಣ, ಮಣ್ಣಿನ ಗಿಲಾವು ಆ ದಾರಿ ಬಿಡುತ್ತವೆ. ಸಿಮೆಂಟು ಮುಚ್ಚಿಬಿಡುತ್ತದೆ. ಆಗ ಒಳಗಿನ ನೀರು ಸಿಮೆಂಟು ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಏರುತ್ತದೆ. ನಿಮ್ಮ ತೇವ ಎರಡಡಿಯಿಂದ ನಾಲ್ಕಡಿಗೆ ಹೋಗಿದ್ದರೆ ಆಶ್ಚರ್ಯವಿಲ್ಲ. ಹೊರಗೋಡೆಗೆ ಹೊಳೆಯುವ ಬಣ್ಣ ಬಳಿದರೂ ಆಗುವುದು ಇದೇ.

‘ಸುಣ್ಣಕ್ಕೆ ಎಲ್ಲಿಯ ಗಟ್ಟಿ’ ಅಂತ ಮೇಸ್ತ್ರಿಗಳು ನಗುತ್ತಾರೆ. ಅವರಿಗೆ ನಾನು ತೋರಿಸುವುದು ಅದೇ ತುಂಗಭದ್ರಾ ಅಣೆಕಟ್ಟೆಯನ್ನು. ಅದು ಸುಣ್ಣ ಮತ್ತು ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ. ಸುಟ್ಟ ಇಟ್ಟಿಗೆಯನ್ನು ಪುಡಿ ಮಾಡಿ ಸುಣ್ಣದ ಜೊತೆ ಅರೆದರೆ ಸುರ್ಕಿ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೇ ಗೇಟು ಕೊಚ್ಚಿಹೋಯಿತಲ್ಲ, ಆಗಲೂ ಕಡಿದದ್ದು ಕಬ್ಬಿಣದ ಸರಪಳಿ. ಗಾರೆ ಅಲ್ಲಾಡಲಿಲ್ಲ.

ಇನ್ನು ಹೊಟ್ಟೆ ಬಿಟ್ಟ ಗೋಡೆ. ಗೋಡೆಗೆ ಎರಡು ಮೈ ಇದೆ ಅಂದೆನಲ್ಲ, ಆ ಎರಡನ್ನೂ ಹಿಡಿದಿಡಲು ಅಲ್ಲಲ್ಲಿ ಆರಪಾರ ಹೋಗುವ ಉದ್ದ ಕಲ್ಲು ಇಡಬೇಕು. ಬಡವರ ಮನೆಗಳಲ್ಲಿ ಅದು ಕಡಿಮೆ ಇರುತ್ತದೆ. ಮಾಳಿಗೆ ಸೋರಿದ ನೀರು ನಡುವಿನ ಮಣ್ಣಿಗೆ ಇಳಿದರೆ ಅದು ಕೆಸರಾಗಿ ಕೆಳಗೆ ಕೂರುತ್ತದೆ, ಹೊರಗಿನ ಮೈಯನ್ನು ದೂಡುತ್ತದೆ. ಗೋಡೆ ಗರ್ಭಿಣಿಯ ಹಾಗೆ ಕಾಣುತ್ತದೆ. ಎಷ್ಟು ಅಪಾಯ ಅಂತ ತಿಳಿಯಲು ಮೇಲಿನಿಂದ ಗುಂಡು ದಾರ ಬಿಟ್ಟು ಅಳೆಯಿರಿ. ಗೋಡೆಯ ಬುಡಕ್ಕಿಂತ ಹೊಟ್ಟೆ ಎಷ್ಟು ಇಂಚು ಮುಂದಿದೆ ಅಂತ ಬರೆದಿಟ್ಟುಕೊಳ್ಳಿ. ಎರಡೂವರೆ ಅಡಿ ಗೋಡೆಯಲ್ಲಿ ಎರಡು ಇಂಚು ಇದ್ದರೆ ನನಗೆ ನಿದ್ದೆ ಬರುತ್ತದೆ. ಐದಾರು ಇಂಚು ಇದ್ದರೆ ಕಟ್ಟೆ ಮೇಲೆ ಯಾರನ್ನೂ ಕೂರಿಸಬೇಡಿ, ಮಕ್ಕಳನ್ನಂತೂ ಬೇಡವೇ ಬೇಡ. ಬಿರುಕುಗಳ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಮೂರು ತಿಂಗಳು ಒಡೆಯದಿದ್ದರೆ ಅದು ಹಳೇ ಗಾಯ.

ದುರಸ್ತಿ ಸಾಧ್ಯ. ಜಂತಿ ತೊಲೆಗೆ ಒಳಗಿನಿಂದ ಜಾಕಿ ಕೊಟ್ಟು, ಹೊಟ್ಟೆ ಬಿಟ್ಟ ಭಾಗವನ್ನು ಮೂರು ಮೂರು ಅಡಿ ಅಗಲ ಬಿಚ್ಚಿ, ಅದೇ ಕಲ್ಲಿನಲ್ಲಿ ಮತ್ತೆ ಕಟ್ಟಬೇಕು. ಈ ಸಲ ಆರಪಾರ ಕಲ್ಲು ಇಟ್ಟು, ಮಣ್ಣಿಗೆ ಸ್ವಲ್ಪ ಸುಣ್ಣ ಬೆರೆಸಿ. ಒಂದೇ ದಿನ ಇಡೀ ಗೋಡೆ ಬಿಚ್ಚುತ್ತೇನೆ ಅನ್ನುವ ಮೇಸ್ತ್ರಿಯನ್ನು ಚಹಾ ಕೊಟ್ಟು ವಾಪಸ್ ಕಳಿಸಿ.

ಈಗ ಕಾಕಾನ ನಿಧಿ. ಕಂಬದ ಪಕ್ಕದ ಟೊಳ್ಳು ಸದ್ದು ನಿಮ್ಮ ಮನೆಯ ಹಗೇವಿನದು ಅಂತ ನನಗೆ ಬಹುತೇಕ ಖಾತ್ರಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಒಳಗೆ ಹುಲ್ಲು ಹಾಸಿ ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದ ನೆಲದ ಕಣಜ. ಹೆಚ್ಚಿನವರು ಊರ ಹೊರಗೆ ಅಥವಾ ಅಂಗಳದಲ್ಲಿ ತೋಡಿಸುತ್ತಿದ್ದರು. ಪಡಸಾಲೆಯೊಳಗೇ ತೋಡಿಸಿದ್ದು ಯಾಕೆ? ಬರ ಕಂಡು ಒಂಬತ್ತು ವರ್ಷಕ್ಕೆ ಮನೆ ಕಟ್ಟಿದವರು ಕಾಳಿನ ಮೇಲೇ ಹಾಸಿಗೆ ಹಾಸಿಕೊಂಡು ಮಲಗಲು ಬಯಸಿದ್ದರೆ ಅದರಲ್ಲಿ ಏನೂ ವಿಚಿತ್ರವಿಲ್ಲ. ಇದು ನನ್ನ ಊಹೆ. ಆದರೆ ನಿಧಿಯ ಊಹೆಗಿಂತ ಇದು ವಾಸಿ ಅಲ್ವಾ?

ಹಗೇವು ನಡೆಯುವುದು ಒಣ ನೆಲದಲ್ಲಿ ಮಾತ್ರ. ಕಾಲುವೆ ಬಂದು ತಳದಲ್ಲಿ ನೀರು ಜಿನುಗತೊಡಗಿದ ಮೇಲೆ ನಿಮ್ಮವರು ಅದನ್ನು ತುಂಬಿಸದೆ ಹಾಗೇ ಬಿಟ್ಟು, ಮೇಲೆ ನೆಲ ಸಾರಿಸಿಬಿಟ್ಟಿದ್ದಾರೆ. ಒಳಗಿನ ಬದಿ ತೇವಕ್ಕೆ ಕುಸಿದು, ಪಕ್ಕದ ಕಂಬದ ಕೆಳಗಿನ ಮಣ್ಣು ಅತ್ತ ಜಾರುತ್ತಿದೆ. ಕಂಬ ಕುಸಿದಿರುವುದು ಹೀಗೆ. ಕಾಕಾ ಅಲ್ಲಿ ಹಾರೆ ಹಾಕಿದರೆ ಕಂಬ, ತೊಲೆ, ಮಾಳಿಗೆ ಮೂರೂ ಅವರ ಮೇಲೆ ಬರಬಹುದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಮುಚ್ಚಿದ ಹಗೇವಿನೊಳಗೆ ಗಾಳಿ ಸತ್ತಿರುತ್ತದೆ. ಕಾಳು, ಹುಲ್ಲು ಕೊಳೆತು ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತದೆ. ಇಳಿದವರು ಕೂಗುವ ಮೊದಲೇ ಬೀಳುತ್ತಾರೆ, ಎತ್ತಲು ಹೋದವರೂ ಬೀಳುತ್ತಾರೆ. ಹಿಂದಿನವರು ಬಾಯಿ ತೆಗೆದು ಒಂದು ದಿನ ಹಾಗೇ ಬಿಟ್ಟು, ದೀಪ ಇಳಿಸಿ ನೋಡಿ ಇಳಿಯುತ್ತಿದ್ದರು. ದೀಪ ಉರಿದರೂ ಈಗ ಇಳಿಯುವುದು ಬೇಡ. ಕಂಬಕ್ಕೆ ಎರಡೂ ಕಡೆ ಆಸರೆ ಕೊಟ್ಟು ತೊಲೆಯನ್ನು ಹಿಡಿದ ಮೇಲೆ, ಹಗೇವಿನ ಬಾಯಿಯನ್ನು ಮೇಲಿನಿಂದಲೇ ತೆಗೆದು, ನೀರಿದ್ದರೆ ಪಂಪಿನಿಂದ ಎತ್ತಿ, ಗುಂಡುಕಲ್ಲು, ಮೊರಂ ಪದರ ಪದರವಾಗಿ ಸುರಿದು ಮೇಲಿನಿಂದಲೇ ಬಡಿದು ತುಂಬಿಸಿ. ಆಮೇಲೆ ಕಂಬದ ಕೆಳಗೆ ಅಗಲವಾದ ಹೊಸ ಕಲ್ಲು. ಕಾಕಾ ಬೇಕಾದರೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಲಿ.

ಮಾಳಿಗೆಗೆ ಬರೋಣ. ಜಂತಿ ಮೇಲೆ ಸೀಳು ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಹುಲ್ಲು, ಆಮೇಲೆ ಮಣ್ಣು, ಕೊನೆಗೆ ಚೌಳು ಮಣ್ಣಿನ ಹೊದಿಕೆ. ಈ ಚೌಳಿನಲ್ಲೇ ಜಾಣತನ ಇರುವುದು. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದರೆ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ತೂತುಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಬೆಳೆ ಕೊಲ್ಲುವ ಗುಣವೇ ಮಾಳಿಗೆಯಲ್ಲಿ ಮನೆ ಕಾಯುತ್ತದೆ. ಆದರೆ ಪ್ರತಿ ವರ್ಷ ಮಿರಗದ (ಮೃಗಶಿರಾ) ಮಳೆಗೆ ಮೊದಲು ಹುಲ್ಲು ಕಿತ್ತು, ಚೌಳು ಹಾಕಿ, ಬಡಿದು, ನೀರು ಹೊರಗೆ ಬೀಳುವ ಹರನಾಳಿಗೆ ಸ್ವಚ್ಛ ಮಾಡಬೇಕು. ವರ್ಷಕ್ಕೆರಡು ದಿನದ ಕೆಲಸ. ಅದನ್ನು ಮಾಡುವ ಕೈಗಳು ಬೆಂಗಳೂರಿಗೆ ಹೋದವು. ನಾನು ಆರೋಪ ಮಾಡುತ್ತಿಲ್ಲ, ನನ್ನ ಮಕ್ಕಳೂ ಅಲ್ಲೇ ಇದ್ದಾರೆ.

ಸೋರಿದಾಗೆಲ್ಲ ಜನ ಮಾಡುವುದು ಒಂದೇ: ಮೇಲೆ ಇನ್ನೊಂದಿಷ್ಟು ಮಣ್ಣು. ನಿಮ್ಮ ಫೋಟೋದಲ್ಲಿ ಮಾಳಿಗೆಯ ಮಣ್ಣು ಅಂಚಿನಲ್ಲಿ ಒಂದೂವರೆ ಅಡಿ ಕಾಣುತ್ತದೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣು ಅಂದರೆ ಹತ್ತಿರ ಹತ್ತಿರ ಐದು ಟನ್. ಒಂದೂವರೆ ಅಡಿ ಅಂದರೆ ಏಳು ಟನ್ ದಾಟುತ್ತದೆ, ನೆನೆದರೆ ಇನ್ನೂ ಜಾಸ್ತಿ. ಅದೇ ಜಾಗಕ್ಕೆ ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಸುಮಾರು ಮೂರು ಟನ್. ಆರ್‌ಸಿಸಿ ಭಾರ, ಮಣ್ಣು ಹಗುರ ಅನ್ನುವ ಮಾತು ಪೂರ್ತಿ ತಲೆಕೆಳಗು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನ ಸತ್ತದ್ದು ಇಂಥ ದಪ್ಪ ಕಲ್ಲಿನ ಗೋಡೆ, ಮಾಳಿಗೆ ಮಣ್ಣಿನ ಅಡಿಯಲ್ಲೇ. ಹಳೇ ಮನೆಯ ಮೇಲಿನ ಪ್ರೀತಿಗೆ ನಾನು ಇದನ್ನು ಮುಚ್ಚಿಡಲಾರೆ. ಮಣ್ಣನ್ನು ಅರ್ಧ ಅಡಿಗೆ ಇಳಿಸುವುದು, ಏನೇ ಆಯ್ಕೆ ಮಾಡಿದರೂ, ಮೊದಲ ಕೆಲಸ.

ಜಂತಿಗಳು ಹೇಗಿವೆ ಅನ್ನುವುದರ ಮೇಲೆ ಉಳಿದದ್ದು ನಿಂತಿದೆ. ಜಂತಿಯ ನಡುಭಾಗ ನೋಡಿ ಮೋಸ ಹೋಗಬೇಡಿ. ಕೊಳೆಯುವುದು ಗೋಡೆಯೊಳಗೆ ಹೂತ ತುದಿಯಿಂದ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಅರ್ಧ ಇಂಚಿಗಿಂತ ಹೆಚ್ಚು ಒಳಗೆ ಹೋದರೆ ಆ ಜಂತಿಗೆ ಚುಕ್ಕಿ ಹಾಕಿ. ಹೀಗೆ ಎಲ್ಲವನ್ನೂ ಎಣಿಸಿ. ಗೆದ್ದಲಿಗೆ ಕಾರಣವೂ ತೇವವೇ, ಜೊತೆಗೆ ಇನ್ನೊಂದಿದೆ. ಮೊದಲು ಒಲೆಯ ಹೊಗೆ ಜಂತಿಗಳನ್ನು ಸವರಿಕೊಂಡು ಮಾಳಿಗೆಯಲ್ಲಿನ ಕಿಂಡಿ, ಗವಾಕ್ಷಿಯಿಂದ ಹೋಗುತ್ತಿತ್ತು. ಆ ಮಸಿಯೇ ಜಂತಿಗೆ ಔಷಧ. ಗ್ಯಾಸ್ ಬಂದ ಮೇಲೆ ಹೊಗೆ ನಿಂತಿತು, ಮಳೆ ಬರುತ್ತದೆ ಅಂತ ಗವಾಕ್ಷಿಗೂ ತಗಡು ಮುಚ್ಚಿದ್ದೀರಿ. ಒಳಗಿನ ತೇವಕ್ಕೆ ಹೊರಗೆ ಹೋಗುವ ದಾರಿಯೇ ಇಲ್ಲ. ಒಲೆಗೆ ವಾಪಸ್ ಹೋಗಿ ಅನ್ನುತ್ತಿಲ್ಲ, ಅವ್ವನ ಕಣ್ಣು ಮುಖ್ಯ. ಗವಾಕ್ಷಿಯನ್ನು ಮಾತ್ರ ಗಾಳಿ ಆಡುವ ಹಾಗೆ, ಮೇಲೊಂದು ಎತ್ತರದ ಗಾಜಿನ ಮುಚ್ಚಳ ಕೊಟ್ಟು ತೆರೆಯಿರಿ.

ಹಾಗಾದರೆ ಆಯ್ಕೆ ಏನು? ಚುಕ್ಕಿ ಬಿದ್ದ ಜಂತಿಗಳು ಕಾಲು ಭಾಗಕ್ಕಿಂತ ಕಡಿಮೆ ಇದ್ದು, ಊರಲ್ಲಿ ಯಾರಾದರೂ ವಾಸ ಇರುತ್ತಾರೆ ಅಂದರೆ, ಮಣ್ಣಿನ ಮಾಳಿಗೆಯನ್ನೇ ಉಳಿಸಿಕೊಳ್ಳಿ. ನಲವತ್ತು ಡಿಗ್ರಿ ಬಿಸಿಲಲ್ಲಿ ಅದರ ಕೆಳಗಿನ ತಂಪು ಯಾವ ಸ್ಲ್ಯಾಬೂ ಕೊಡುವುದಿಲ್ಲ. ಆದರೆ ಬೀಗ ಹಾಕಿದ ಮನೆಗೆ ಮಣ್ಣಿನ ಮಾಳಿಗೆ ಆಗಿಬರುವುದಿಲ್ಲ, ಮೂರು ಮಳೆಗಾಲಕ್ಕೆ ಕುಸಿಯುತ್ತದೆ. ಅವ್ವ ಅಲ್ಲಿ ಎಷ್ಟು ದಿನ ಇರುತ್ತಾರೆ, ಆಮೇಲೆ ಯಾರು ಅನ್ನುವುದನ್ನು ಅಣ್ಣ ತಮ್ಮ ಕೂತು ಮಾತಾಡಿಯೇ ಇದಕ್ಕೆ ಕೈ ಹಾಕಿ.

ನೋಡಿಕೊಳ್ಳುವವರು ಕಡಿಮೆ ಅಂದರೆ, ಮಣ್ಣು ತೆಗೆದು ಜಂತಿ ಮೇಲೆ ಮದ್ರಾಸ್ ಟೆರೇಸ್ ಮಾಡಿಸಬಹುದು. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿ, ಮೇಲೆ ಇಟ್ಟಿಗೆ ಜಲ್ಲಿ ಸುಣ್ಣ ಹಾಕಿ ದಿನಗಟ್ಟಲೆ ಬಡಿಯುವ ಪದ್ಧತಿ. ಹಳೇ ಮದ್ರಾಸ್ ಸೀಮೆಯ ಬಂಗಲೆಗಳಲ್ಲಿ ಸಿಗುತ್ತದೆ. ವರ್ಷ ವರ್ಷದ ಕಾಟ ಇಲ್ಲ. ತೊಂದರೆ ಏನೆಂದರೆ ಬಲ್ಲ ಕೈಗಳು ಕಡಿಮೆ, ಆರಲು ಸಮಯ ಬೇಕು, ಜಂತಿ ಗಟ್ಟಿ ಇಲ್ಲದಿದ್ದರೆ ಮಾಡಲೇಬಾರದು. ಮೇಸ್ತ್ರಿ ಸುಣ್ಣವನ್ನು ಎರಡು ಮೂರು ವಾರ ನೆನೆಸಲು ತಯಾರಿಲ್ಲ ಅಂದರೆ ಅವನಿಗೆ ಕೆಲಸ ಗೊತ್ತಿಲ್ಲ ಅಂತಲೇ ತಿಳಿಯಿರಿ.

ದುಡ್ಡು ಈಗ ಇಲ್ಲ, ನಿರ್ಧಾರವೂ ಆಗಿಲ್ಲ ಅಂದರೆ ಬಿಡಿಯಾದ ಕಬ್ಬಿಣದ ಕಂಬಗಳ ಮೇಲೆ ತಗಡಿನ ಚಪ್ಪರ ಹಾಕಿ ಮಾಳಿಗೆಯನ್ನು ಮುಚ್ಚಿ. ಚೆಂದ ಕಾಣುವುದಿಲ್ಲ, ಗಾಳಿಗೆ ಹಾರದ ಹಾಗೆ ಗಟ್ಟಿ ಕಟ್ಟಬೇಕು. ಆದರೆ ನಾಲ್ಕೈದು ವರ್ಷ ಯೋಚಿಸಲು ಪುರುಸೊತ್ತು ಸಿಗುತ್ತದೆ. ನನಗೆ ನಾಚಿಕೆಯಿಲ್ಲದೆ ಇದನ್ನೇ ನಾನು ಹೆಚ್ಚು ಮನೆಗಳಿಗೆ ಹೇಳಿದ್ದೇನೆ.

ಗುತ್ತಿಗೆದಾರರ ಆರ್‌ಸಿಸಿ? ಹಳೇ ಗೋಡೆ ಮೇಲೇ ಸ್ಲ್ಯಾಬ್ ಹಾಕುವುದಾದರೆ ಬೇಡವೇ ಬೇಡ. ಭಾರಕ್ಕಿಂತ ದೊಡ್ಡ ಸಮಸ್ಯೆ ಬೇರೆ: ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಪ್ರತಿ ದಿನ ಕೆಸರಿನ ಗೋಡೆಯ ತಲೆಯನ್ನು ಹೊರಗೆ ದೂಡುತ್ತದೆ. ಹಿತ್ತಲಲ್ಲಿ ಬೇರೆ ಪಾಯ ಹಾಕಿ ಆರ್‌ಸಿಸಿಯಲ್ಲಿ ಅಡುಗೆ ಮನೆ, ಬಚ್ಚಲು, ಕಕ್ಕಸು ಕಟ್ಟಿ, ಹಳೇ ಗೋಡೆಯಿಂದ ಮೂರಡಿ ಬಿಟ್ಟು. ಅದು ಒಳ್ಳೆಯ ಯೋಚನೆ. ಬಚ್ಚಲ ನೀರು ಹಳೇ ಮನೆಯಿಂದ ಹೊರಗೆ ಹೋದರೆ ಅರ್ಧ ರೋಗ ಅಲ್ಲೇ ಕಡಿಮೆ. ಚುಕ್ಕಿ ಬಿದ್ದ ಜಂತಿಗಳು ಅರ್ಧಕ್ಕಿಂತ ಜಾಸ್ತಿ, ಗೋಡೆಯ ಗಾಜೂ ಒಡೆಯುತ್ತಿದೆ ಅಂದರೆ ಕೆಡವುವುದೇ ಸರಿ. ಆಗ ಅವ್ವನಿಗೆ ನಾನೇ ಫೋನು ಮಾಡಿ ಹೇಳುತ್ತೇನೆ. ಬಾಗಿಲು, ಕಂಬ, ಬೋದಿಗೆ ಮಾತ್ರ ಹಳೇ ಸಾಮಾನು ಕೊಳ್ಳುವವರಿಗೆ ತೂಕದ ಲೆಕ್ಕದಲ್ಲಿ ಕೊಡಬೇಡಿ.

ಪರವಾನಗಿ ವಿಚಾರ: ಆನೆಗೊಂದಿ ಸುತ್ತಿನ ಹಳ್ಳಿಯಾಗಿದ್ದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಕೇಳಬೇಕಿತ್ತು. ನಿಮ್ಮದು ಕಾರಟಗಿ ಕಡೆ, ಪಂಚಾಯಿತಿ ಸಾಕು.

ಈ ಮಳೆಗಾಲಕ್ಕೆ ಮೊದಲು ಆಗಬೇಕಾದದ್ದು ಇಷ್ಟು. ಕಂಬಕ್ಕೆ ಆಸರೆ, ಇದನ್ನು ಈ ವಾರವೇ. ಒಳಗಿನ ಸಿಮೆಂಟ್ ಪ್ಲಾಸ್ಟರನ್ನು ನೆಲದಿಂದ ಐದಡಿವರೆಗೆ ತೆಗೆಸಿ, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ಹೊರಗೆ ಚೆಲ್ಲಿ, ನೀರು ಹಾಕಿ ತೊಳೆಯಬೇಡಿ. ಒಂದು ಬೇಸಿಗೆ ಗೋಡೆ ಬರೀ ಮೈಯಲ್ಲಿ ಆರಲಿ, ಸುಣ್ಣದ ಗಿಲಾವು ಆಮೇಲೆ. ಬೀದಿ ಗೋಡೆಯಿಂದ ಎರಡು ಮೂರು ಅಡಿ ದೂರದಲ್ಲಿ ಜಲ್ಲಿ ತುಂಬಿದ ಕಾಲುವೆ ತೆಗೆಸಿ ನೀರನ್ನು ಚರಂಡಿಗೆ ಬಿಡಿ. ಗೋಡೆಯ ಪಾಯಕ್ಕಿಂತ ಆಳಕ್ಕೆ ಹೋಗಬೇಡಿ, ಒಂದೇ ಸಲ ಉದ್ದಕ್ಕೂ ಅಗೆಯಬೇಡಿ.

ತಲಬಾಗಿಲಿಗೆ ಮಾತ್ರ ಎಣ್ಣೆ ಬಣ್ಣ ಬಳಿಯಬೇಡಿ, ಉಜ್ಜಲೂ ಬೇಡಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಮೇಲ್ಪಟ್ಟಿಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿದು ಫೋಟೋ ತೆಗೆದು ಕಳಿಸಿ. ಅಡ್ಡ ಬೆಳಕಿನಲ್ಲಿ ಅಳಿಸಿದ ಅಕ್ಷರದ ನೆರಳು ಕಾಣುತ್ತದೆ. ‘ಪಾರ್ಥಿವ’ದ ಮುಂದೆ ಸಾಮಾನ್ಯವಾಗಿ ತಿಂಗಳು, ಪಕ್ಷ, ತಿಥಿ ಇರುತ್ತದೆ. ಅಲ್ಲಿ ‘ಮಾ’ ಅಂತ ಕಂಡು ಅದು ಮಾಘವಾಗಿದ್ದರೆ, ನಿಮ್ಮ ಹಿರಿಯರು ಈ ಬಾಗಿಲು ನಿಲ್ಲಿಸಿದ್ದು 1886ರ ಫೆಬ್ರುವರಿ ಆಸುಪಾಸಿನಲ್ಲಿ.